ಹದಿನೆಂಟರ ಗೆರೆ

ಮನುಷ್ಯನ ಬಾಳಿನಲ್ಲಿ ಒಂದೇ ರಾತ್ರಿಯಲ್ಲಿ ಆಗಿಹೋಗುವ ಬದಲಾವಣೆಗಳು ಬಹಳ ಕಡಮೆ. ಬೀಜ ಮೊಳೆಯುವುದಕ್ಕೂ ಕಾಯಿ ಹಣ್ಣಾಗುವುದಕ್ಕೂ ದಿನಗಳು ಬೇಕು. ಹುಡುಗ ಹೊಣೆಯರಿತ ಗೃಹಸ್ಥನಾಗುವುದಕ್ಕೆ ವರ್ಷಗಳೇ ಬೇಕು. ಆದರೆ ಕಾನೂನಿನ ದೃಷ್ಟಿಯಲ್ಲಿ ಒಂದೇ ರಾತ್ರಿಯಲ್ಲಿ ನಡೆಯುವ ಪವಾಡವೊಂದುಂಟು. ಹದಿನೆಂಟನೆಯ ಹುಟ್ಟುಹಬ್ಬದ ಹಿಂದಿನ ಸಂಜೆ ಮೋಟಾರು ಸೈಕಲ್ಲನ್ನು ರಸ್ತೆಗಿಳಿಸಿದ ತರುಣನು ತಪ್ಪಿತಸ್ಥ. ಮಾರನೆಯ ಬೆಳಗ್ಗೆ ಅದೇ ತರುಣನು ಪರವಾನಗಿಗೆ ಅರ್ಜಿ ಹಾಕಲು ಅರ್ಹನಾದ ಪ್ರಜೆ. ಆ ರಾತ್ರಿ ಅವನ ಕಣ್ಣು ಹೆಚ್ಚು ಚುರುಕಾಗಲಿಲ್ಲ, ಕೈ ಪಳಗಲಿಲ್ಲ, ಮನಸ್ಸು ಮಾಗಲಿಲ್ಲ. ಪಂಚಾಂಗದ ಒಂದು ದಿನ ಕಳೆಯಿತು, ಅಷ್ಟೆ.

ಭಾರತದಲ್ಲಿ ಈ ಗೆರೆಯನ್ನು ಎಳೆದಿರುವುದು 1988ರ ಮೋಟಾರು ವಾಹನಗಳ ಅಧಿನಿಯಮ. ಅದಕ್ಕೂ ಹಿಂದಿನ 1939ರ ಅಧಿನಿಯಮದಲ್ಲಿಯೂ ಗೆರೆಯಿದ್ದುದು ಹದಿನೆಂಟರಲ್ಲಿಯೇ. ಬಸ್ಸು, ಲಾರಿ, ಬಾಡಿಗೆಯ ಕಾರು ಮುಂತಾದ ಸಾರಿಗೆ ವಾಹನಗಳನ್ನು ನಡೆಸುವವನಿಗೆ ಇಪ್ಪತ್ತು ವರ್ಷ ತುಂಬಿರಬೇಕು. ಎಂಜಿನ್ನಿನ ಸಾಮರ್ಥ್ಯ 50 ಸಿ.ಸಿ. ಮೀರದ ದ್ವಿಚಕ್ರ ವಾಹನಕ್ಕೆ ಮಾತ್ರ ಹದಿನಾರು ಸಾಕು. ಲೂನಾ, ಟಿವಿಎಸ್ 50ರಂತಹ ಪುಟ್ಟ ಗಾಡಿಗಳು ಊರೂರಿನಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಈ ರಿಯಾಯಿತಿಗೆ ಅರ್ಥವಿತ್ತು. ಇಂದು ಅಂಗಡಿಯಲ್ಲಿ ದೊರೆಯುವ ಪೆಟ್ರೋಲ್ ಸ್ಕೂಟರುಗಳು ಬಹುಮಟ್ಟಿಗೆ 100 ಸಿ.ಸಿ. ಮೀರಿದವು. ಆದುದರಿಂದ ಟ್ಯೂಷನ್ನಿಗೆಂದು ಅಪ್ಪನ ಸ್ಕೂಟರನ್ನೇರಿ ಹೊರಡುವ ಹದಿನಾರರ ಬಾಲಕ ಬಾಲಕಿಯರಿಗೆ ಆ ರಿಯಾಯಿತಿ ಹೆಸರಿಗಷ್ಟೆ ಉಳಿದಿದೆ. ಗಂಟೆಗೆ 25 ಕಿಲೋಮೀಟರು ಮೀರದ, 250 ವ್ಯಾಟಿಗಿಂತ ಕಡಮೆ ಶಕ್ತಿಯ ವಿದ್ಯುತ್ ಸ್ಕೂಟರಿಗೆ ಪರವಾನಗಿಯೇ ಬೇಡವೆಂಬುದು ನಿಜ. ಆದರೆ ಮನೆಯ ಮುಂದೆ ನಿಂತಿರುವ ಗಾಡಿ ಆ ಬಗೆಯದು ಹೌದೋ ಅಲ್ಲವೋ ಎಂದು ವಿಚಾರಿಸುವ ತಂದೆತಾಯಂದಿರು ವಿರಳ.

ಎಲ್ಲಿಯಾದರೂ ಒಂದು ಘೋರ ಅಪಘಾತ ಸಂಭವಿಸಿದಾಗ, ಗೆರೆಯನ್ನು ಹದಿನೆಂಟರಿಂದ ಇಪ್ಪತ್ತೊಂದಕ್ಕೆ ಸರಿಸಬೇಕೆಂಬ ಕೂಗು ಏಳುತ್ತದೆ. ಇನ್ನೊಂದು ಕಡೆಯಿಂದ, ಹದಿನಾರಕ್ಕೇ ಇಳಿಸಬೇಕೆಂದು ವಾದಿಸುವವರೂ ಇಲ್ಲದಿಲ್ಲ. ಇಬ್ಬರೂ ಜಗಳವಾಡುತ್ತಿರುವುದು ಗೆರೆ ಎಲ್ಲಿರಬೇಕೆಂಬುದನ್ನು ಕುರಿತು. ಒಂದೇ ಗೆರೆ ಸಾಕೆ ಎಂಬ ಪ್ರಶ್ನೆಯನ್ನು ಮಾತ್ರ ಇಬ್ಬರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದೇ.

ಕಾನೂನು ವಯಸ್ಸನ್ನು ಹಿಡಿದುಕೊಂಡಿರುವುದಕ್ಕೆ ಕಾರಣವಿದೆ. ವಯಸ್ಸಿಗೆ ದಾಖಲೆಯುಂಟು. ಜನನ ಪ್ರಮಾಣಪತ್ರವನ್ನೋ ಶಾಲೆಯ ಅಂಕಪಟ್ಟಿಯನ್ನೋ ತೋರಿಸಿದರೆ ಗುಮಾಸ್ತನು ಕ್ಷಣಮಾತ್ರದಲ್ಲಿ ಲೆಕ್ಕ ಹಾಕಬಲ್ಲನು. ಅನುಭವಕ್ಕೆ ಅಂತಹ ಪತ್ರವಿಲ್ಲ. ಅಳೆಯಲು ಸುಲಭವಾದುದನ್ನೇ ಅಳೆಯುವುದು ಕಚೇರಿಗಳ ಹಳೆಯ ಅಭ್ಯಾಸ.

ಆದರೂ ಪರೀಕ್ಷೆಯೊಂದು ಇದೆಯಲ್ಲ ಎನ್ನಬಹುದು. ಇದೆ. ಕಲಿಕಾ ಪರವಾನಗಿ ಪಡೆದು ಮೂವತ್ತು ದಿನ ಕಳೆದವನು ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ದ್ವಿಚಕ್ರದವನಾದರೆ ಕಾಲು ನೆಲಕ್ಕೆ ತಗುಲದಂತೆ ಎಂಟರ ಅಂಕೆಯ ಆಕಾರದಲ್ಲಿ ಸುತ್ತಬೇಕು. 'ಎಂಟು ಹಾಕುವುದು' ಎಂಬ ಮಾತೇ ಈ ಪರೀಕ್ಷೆಯಿಂದ ಜನರ ನಾಲಗೆಗೆ ಬಂದಿದೆ. ಎಂಟು ಹಾಕುವುದು ಸಮತೋಲನದ ಪರೀಕ್ಷೆ, ಅದು ಬೇಡವೆಂದಲ್ಲ. ಆದರೆ ಎಂಟರ ಅಂಕೆಯೊಳಗೆ ಎದುರಿನಿಂದ ಲಾರಿ ಬರುವುದಿಲ್ಲ, ಪಕ್ಕದ ಗಲ್ಲಿಯಿಂದ ಎಮ್ಮೆ ನುಗ್ಗುವುದಿಲ್ಲ, ಮಳೆ ಸುರಿಯುವುದಿಲ್ಲ, ರಾತ್ರಿಯಾಗುವುದಿಲ್ಲ. ಇಷ್ಟರಲ್ಲಿ ಉತ್ತೀರ್ಣನಾದ ಹದಿನೆಂಟರ ತರುಣನಿಗೆ, 2019ರ ತಿದ್ದುಪಡಿಯ ತರುವಾಯ, ನಲವತ್ತು ವರ್ಷ ತುಂಬುವವರೆಗೆ ನಡೆಯುವ ಪರವಾನಗಿ ದೊರೆಯುತ್ತದೆ. ಕಲಿಕೆಗೆ ಮೂವತ್ತು ದಿನ, ಅಧಿಕಾರಕ್ಕೆ ಇಪ್ಪತ್ತೆರಡು ವರ್ಷ! ಮೊದಲನೆಯ ದಿನದಂದೇ ಅವನು ಎಷ್ಟು ಸಿ.ಸಿ.ಯ ಮೋಟಾರು ಸೈಕಲ್ಲನ್ನಾದರೂ ಏರಬಹುದು. ನಡುರಾತ್ರಿಯಲ್ಲಿ ಹೆದ್ದಾರಿ ಹಿಡಿಯಬಹುದು. ಹಿಂದೆ ತನ್ನಷ್ಟೇ ಉತ್ಸಾಹಿಯಾದ ಗೆಳೆಯನನ್ನು ಕುಳ್ಳಿರಿಸಿಕೊಳ್ಳಬಹುದು. ಕಾನೂನು ಅವನನ್ನು ಇಪ್ಪತ್ತು ವರ್ಷ ರಸ್ತೆ ಸವೆಸಿದ ಚಾಲಕನಿಗೆ ಸಮನೆಂದೇ ಎಣಿಸುತ್ತದೆ.

ಹಾಗಾದರೆ ಅನುಭವವೆಂದರೇನು? ವಾಹನವನ್ನು ನಡೆಸುವ ಕೈಚಳಕವನ್ನೇ ಅನುಭವವೆಂದು ಹಲವರು ತಿಳಿದಿರುತ್ತಾರೆ. ಕೈಚಳಕದಲ್ಲಿ ಹದಿನೆಂಟರವನು ನಲವತ್ತರವನನ್ನು ಸುಲಭವಾಗಿ ಸೋಲಿಸಬಲ್ಲನು. ಅನುಭವವು ಕೈಯಲ್ಲಿರುವುದಕ್ಕಿಂತ ಹೆಚ್ಚಾಗಿ ಕಣ್ಣಿನಲ್ಲಿರುತ್ತದೆ. ಹೊಸ ಚಾಲಕರ ಹಾಗೂ ಹಳೆಯ ಚಾಲಕರ ದೃಷ್ಟಿಯ ಚಲನೆಯನ್ನು ಅಳೆದು ನೋಡಿದ ವಿಜ್ಞಾನಿಗಳು 1970ರ ದಶಕದಲ್ಲಿಯೇ ಇದನ್ನು ಕಂಡುಕೊಂಡರು. ಹೊಸಬನ ನೋಟ ತನ್ನ ವಾಹನದ ಮುಂದಿನ ಕಿರಿದಾದ ರಸ್ತೆಯ ತುಂಡಿಗೆ ಅಂಟಿಕೊಂಡಿರುತ್ತದೆ. ಕನ್ನಡಿಗಳತ್ತ ಅದು ಹೊರಳುವುದೇ ಅಪರೂಪ. ಹಳಬನ ನೋಟ ದೂರಕ್ಕೂ ಎರಡು ಬದಿಗೂ ಹರಿದಾಡುತ್ತಿರುತ್ತದೆ. ರಸ್ತೆಗೆ ಚೆಂಡೊಂದು ಉರುಳಿ ಬಂದರೆ ಹೊಸಬನು ಚೆಂಡನ್ನು ನೋಡುತ್ತಾನೆ. ಹಳಬನು ಅದರ ಹಿಂದೆಯೇ ಓಡಿ ಬರಲಿರುವ ಮಗುವನ್ನು, ಅದು ಇನ್ನೂ ಕಾಣಿಸದಿರುವಾಗಲೇ, ನೋಡುತ್ತಾನೆ. ನಿಂತ ಬಸ್ಸಿನ ಮುಂದಿನಿಂದ ಜನ ದಾಟುವರೆಂಬುದು, ಕರು ಒಂದು ಬದಿಗಿದ್ದು ಹಸು ಇನ್ನೊಂದು ಬದಿಗಿದ್ದರೆ ಎರಡರಲ್ಲೊಂದು ರಸ್ತೆಗೆ ನುಗ್ಗುವುದೆಂಬುದು, ಸುಗ್ಗಿಯ ದಿನಗಳಲ್ಲಿ ಒಕ್ಕಣೆಗೆಂದು ಹರಡಿದ ರಾಗಿಯ ತೆನೆಯ ಮೇಲೆ ಚಕ್ರ ಜಾರುವುದೆಂಬುದು ಯಾವ ಎಂಟರ ಅಂಕೆಯಲ್ಲಿಯೂ ಕಲಿಯಲು ಸಿಕ್ಕುವುದಿಲ್ಲ.

ವಿಜ್ಞಾನದ ಪಾಠದಲ್ಲಿ ಚಲನೆಯ ಸಮೀಕರಣಗಳನ್ನು ಬಿಡಿಸುವ ವಿದ್ಯಾರ್ಥಿಗಳು ಇದರ ಬೆಲೆಯನ್ನು ತಾವೇ ಲೆಕ್ಕ ಹಾಕಬಹುದು. ಗಂಟೆಗೆ 60 ಕಿಲೋಮೀಟರು ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 16.7 ಮೀಟರು ಚಲಿಸುತ್ತದೆ. ಕಂಡುದು ಅಪಾಯವೆಂದು ಅರಿತು ಬ್ರೇಕನ್ನು ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡು ಹಿಡಿದರೆ 25 ಮೀಟರು ದೂರ ಬ್ರೇಕಿಲ್ಲದೆಯೇ ಕಳೆದುಹೋಗುತ್ತದೆ. ಬ್ರೇಕು ಹಿಡಿದ ಮೇಲೆ ಸಾಗುವ ದೂರವಾದರೋ ವೇಗ ಎರಡರಷ್ಟಾದರೆ ನಾಲ್ಕರಷ್ಟಾಗುತ್ತದೆ. ಒಂದು ಸೆಕೆಂಡು ಮುಂಚಿತವಾಗಿ ಅಪಾಯವನ್ನು ಊಹಿಸಬಲ್ಲ ಕಣ್ಣಿಗೂ ಊಹಿಸಲಾರದ ಕಣ್ಣಿಗೂ ನಡುವಣ ಅಂತರ ಒಂದು ಜೀವದಷ್ಟು ಇರಬಹುದು.

ಪರವಾನಗಿ ಕೈಗೆ ಬಂದ ಮೊದಲ ಕೆಲವು ತಿಂಗಳುಗಳೇ ಅತ್ಯಂತ ಅಪಾಯದವೆಂಬುದು ಹಲವು ದೇಶಗಳಲ್ಲಿ ಪರೀಕ್ಷಿಸಿ ನೋಡಿದ ಸಂಗತಿ. ಇದು ಕಿರಿಯರಿಗಷ್ಟೇ ಅನ್ವಯಿಸುವ ಮಾತಲ್ಲ. ಇಪ್ಪತ್ತೈದರಲ್ಲಿ ಕಲಿಯಲು ತೊಡಗಿದವನಿಗೂ ಮೊದಲ ತಿಂಗಳುಗಳು ಕಠಿನವೇ. ಹದಿನೇಳರವನಿಗೆ ಇನ್ನೂ ಕಠಿನ. ಅಂದರೆ ವಯಸ್ಸೂ ಲೆಕ್ಕಕ್ಕೆ ಬರುತ್ತದೆ, ಅನುಭವವೂ ಬರುತ್ತದೆ. ಒಂದು ಇನ್ನೊಂದರ ಬದಲಿಗೆ ನಿಲ್ಲಲಾರದು. ಹೀಗಿರುವಾಗ ಗೆರೆಯನ್ನು ಇಪ್ಪತ್ತೊಂದಕ್ಕೆ ಸರಿಸಿದರೆ ಆಗುವುದೇನು? ಅನನುಭವಿಯಾದ ಹದಿನೆಂಟರವನ ಸ್ಥಾನದಲ್ಲಿ ಅನನುಭವಿಯಾದ ಇಪ್ಪತ್ತೊಂದರವನು ಬಂದು ನಿಲ್ಲುತ್ತಾನೆ. ಲಾಭವಿಲ್ಲವೆಂದಲ್ಲ, ನಿರೀಕ್ಷಿಸಿದಷ್ಟು ಇಲ್ಲ.

ಅನುಭವವನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡುವ ಕ್ರಮವನ್ನು ಹುಡುಕಿಕೊಂಡು ಸಮುದ್ರ ದಾಟಬೇಕಾದುದಿಲ್ಲ. ಕನ್ನಡ ನಾಡಿನ ಹಳ್ಳಿಗಳಲ್ಲಿ ಎತ್ತಿನ ಗಾಡಿ ಹೊಡೆಯುವುದನ್ನು ಕಲಿಸುತ್ತಿದ್ದ ಬಗೆಯೇ ಅದು. ಬೇಸಾಯಗಾರನ ಮಗ ಮೊದಲು ಎತ್ತುಗಳಿಗೆ ಹುಲ್ಲು ಹಾಕಿ ನೀರು ಕುಡಿಸಿ, ಅವುಗಳ ಸ್ವಭಾವವನ್ನು ಅರಿಯುತ್ತಿದ್ದ. ಬಲಗಡೆಯದು ಬೆದರುವ ಎತ್ತು, ಎಡಗಡೆಯದು ಮೈಗಳ್ಳ ಎಂಬ ತಿಳಿವಳಿಕೆ ಅವನಿಗೆ ಕೊಟ್ಟಿಗೆಯಲ್ಲಿಯೇ ಆಗಬೇಕಾಗಿತ್ತು. ಆಮೇಲೆ ನೊಗಕ್ಕೆ ಕಟ್ಟಿದ ಎತ್ತುಗಳ ಪಕ್ಕದಲ್ಲಿ ನಡೆಯುವುದು. ಬಳಿಕ ಅಪ್ಪನ ಮಗ್ಗುಲಲ್ಲಿ ಕುಳಿತು ಹಗ್ಗದ ತುದಿಯನ್ನು ಹಿಡಿಯುವುದು. ಕೆಲವು ತಿಂಗಳಾದ ಮೇಲೆ, ಹೊಲದಿಂದ ಮನೆಯವರೆಗೆ, ಗಾಡಿ ಬರಿದಾಗಿರುವಾಗ, ಹಗಲು ಹೊತ್ತಿನಲ್ಲಿ ಅವನೊಬ್ಬನೇ. ಗೊಬ್ಬರ ಹೇರಿದ ಗಾಡಿ ಅದರ ಮುಂದಿನ ಮೆಟ್ಟಿಲು. ಮೂಟೆ ಹೇರಿ ಸಂತೆಗೆ ಹೋಗುವುದು, ಹಳ್ಳದ ಇಳಿಜಾರಿನಲ್ಲಿ ಭಾರವನ್ನು ತಡೆದು ಇಳಿಸುವುದು ಇನ್ನೂ ಮುಂದಿನದು. ಗಾಡಿಯ ಕೆಳಗೆ ಲಾಟೀನು ತೂಗುಹಾಕಿಕೊಂಡು, ಹಿಂದೆ ಹೆಂಗಸರು ಮಕ್ಕಳನ್ನು ಕುಳ್ಳಿರಿಸಿಕೊಂಡು ಜಾತ್ರೆಗೆ ರಾತ್ರಿಯ ಪ್ರಯಾಣ ಹೊರಡುವ ಅಧಿಕಾರ ಎಲ್ಲಕ್ಕಿಂತ ಕಡೆಗೆ ಬರುತ್ತಿತ್ತು. ಆ ತಂದೆ ಮಗನ ವಯಸ್ಸನ್ನು ಕೇಳುತ್ತಿರಲಿಲ್ಲ. ಎಷ್ಟೋ ವೇಳೆ ಅದು ಅವನಿಗೆ ಗೊತ್ತೂ ಇರುತ್ತಿರಲಿಲ್ಲ. ಭಾರ, ಇಳಿಜಾರು, ಕತ್ತಲೆ, ಜನ ಎಂಬ ನಾಲ್ಕು ಕಷ್ಟಗಳನ್ನು ಒಂದೊಂದಾಗಿ ಮಗನ ಹೆಗಲಿಗೆ ಏರಿಸಬೇಕೆಂಬುದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಲಾರಿಯ ಕ್ಲೀನರು ಡ್ರೈವರಾಗುತ್ತಿದ್ದುದೂ ಹೀಗೆಯೇ. ಚಕ್ರ ತೊಳೆಯುವುದರಿಂದ ತೊಡಗಿ ಪಕ್ಕದ ಸೀಟಿನಲ್ಲಿ ಸಾವಿರಾರು ಮೈಲಿ ಕುಳಿತು, ಬಯಲಿನ ಹಗಲು ದಾರಿಯಲ್ಲಿ ಗುರುವಿನ ಕಣ್ಣೆದುರಿಗೆ ಸ್ಟಿಯರಿಂಗ್ ಹಿಡಿದು, ಘಾಟಿಯನ್ನು ಅವನು ಮುಟ್ಟುತ್ತಿದ್ದುದು ಬಹಳ ತಡವಾಗಿ. ಗುರು ಒರಟನಾಗಿದ್ದರೂ ಕ್ರಮ ಸರಿಯಾಗಿತ್ತು.

ಮೋಟಾರು ಬಂದಾಗ ಈ ಕ್ರಮ ಮರೆತುಹೋಯಿತು. ಕಾನೂನುಗಳ ತವರಾದ ಬ್ರಿಟನ್ನಿನಲ್ಲಿ 1903ರ ಅಧಿನಿಯಮದ ಮೂಲಕ, 1904ರ ಜನವರಿ 1ರಿಂದ ಚಾಲಕರಿಗೆ ಪರವಾನಗಿ ಕಡ್ಡಾಯವಾಯಿತು. ಹದಿನೇಳು ತುಂಬಿದವನು ಐದು ಷಿಲಿಂಗು ತೆತ್ತರೆ ಸಾಕು, ಪರೀಕ್ಷೆಯೆಂಬುದೇ ಇರಲಿಲ್ಲ. ಮೂವತ್ತು ವರ್ಷ ಕಾಲ ವಯಸ್ಸು ಮತ್ತು ಶುಲ್ಕ ಇವೆರಡನ್ನೇ ನೋಡಿ ಪರವಾನಗಿ ಕೊಡಲಾಯಿತು. 1934ನೆಯ ಒಂದೇ ವರ್ಷದಲ್ಲಿ ಅಲ್ಲಿನ ರಸ್ತೆಗಳಲ್ಲಿ 7,343 ಜನ ಸತ್ತರು. ಮರುವರ್ಷ, 1935ರ ಜೂನ್ 1ರಂದು, ಚಾಲನಾ ಪರೀಕ್ಷೆ ಕಡ್ಡಾಯವಾಯಿತು. ಎದುರಾಗಲಿರುವ ಅಪಾಯವನ್ನು ಚಲಚ್ಚಿತ್ರದಲ್ಲಿ ಗುರುತಿಸುವ ಪರೀಕ್ಷೆ ಅದಕ್ಕೆ ಸೇರಿದುದು 2002ರಲ್ಲಿ. ಕೈಯನ್ನು ಪರೀಕ್ಷಿಸಬೇಕೆಂದು ತಿಳಿಯಲು ಮೂವತ್ತು ವರ್ಷ ಹಿಡಿದರೆ, ಕಣ್ಣನ್ನೂ ಪರೀಕ್ಷಿಸಬೇಕೆಂದು ತಿಳಿಯಲು ನೂರು ವರ್ಷ ಸಮೀಪಿಸಿತು.

ಮೆಟ್ಟಿಲುಗಳನ್ನು ಮೊದಲು ಕಾನೂನಿನೊಳಗೆ ತಂದ ಕೀರ್ತಿ ನ್ಯೂಜಿಲೆಂಡಿಗೆ ಸಲ್ಲಬೇಕು. ಹದಿನೈದು ವರ್ಷದ ಬಾಲಕರೂ ಅಲ್ಲಿ ವಾಹನ ನಡೆಸಬಹುದಾಗಿತ್ತು. 1987ರಲ್ಲಿ ಆ ದೇಶ ಪರವಾನಗಿಯನ್ನು ಮೂರು ಹಂತಗಳಾಗಿ ವಿಂಗಡಿಸಿತು. ಮೊದಲನೆಯದು ಅನುಭವಿಯೊಬ್ಬನು ಪಕ್ಕದಲ್ಲಿದ್ದು ಕಲಿಸುವ ಹಂತ. ಎರಡನೆಯದರಲ್ಲಿ ತರುಣನು ಒಬ್ಬನೇ ನಡೆಸಬಹುದು. ಆದರೆ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂಟಿಯಾಗಿ ನಡೆಸುವಂತಿಲ್ಲ, ಮೇಲ್ವಿಚಾರಕನಿಲ್ಲದೆ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಇವೆರಡನ್ನೂ ದಾಟಿದವನಿಗೆ ಪೂರ್ಣ ಪರವಾನಗಿ. ಕತ್ತಲೆ ಮತ್ತು ಜನ! ಗಾಡಿ ಹೊಡೆಯುವ ತಂದೆ ಕಡೆಗೆ ಇಟ್ಟುಕೊಂಡಿದ್ದ ಎರಡು ಕಷ್ಟಗಳನ್ನೇ ನ್ಯೂಜಿಲೆಂಡಿನ ಶಾಸನಕಾರರೂ ಕಡೆಗೆ ಇಟ್ಟರು. ಹದಿಹರೆಯದ ಚಾಲಕನ ಜೊತೆಗೆ ಅದೇ ವಯಸ್ಸಿನವರು ಹೆಚ್ಚಿದಷ್ಟೂ ಮಾರಕ ಅಪಘಾತದ ಸಂಭವ ಹೆಚ್ಚುತ್ತದೆಂಬುದು ಮುಂದೆ ಅಮೆರಿಕದ ಲೆಕ್ಕಗಳಿಂದಲೂ ದೃಢಪಟ್ಟಿತು. ನ್ಯೂಜಿಲೆಂಡಿನಲ್ಲಿ ತರುಣರ ಗಾಯ ಸಾವುಗಳು ಇಳಿದುವು. ಇಳಿಕೆಯೆಲ್ಲವೂ ಈ ನಿಯಮದಿಂದಲೇ ಆಯಿತೆಂದು ಹೇಳುವುದು ಅತಿಯಾದೀತು, ಒಂದು ಪಾಲಾದರೂ ಅದರಿಂದ ಆಯಿತೆಂಬುದರಲ್ಲಿ ಸಂಶಯವಿಲ್ಲ. 2011ರಲ್ಲಿ ಕಲಿಕೆಯ ವಯಸ್ಸನ್ನೂ ಹದಿನಾರಕ್ಕೆ ಏರಿಸಲಾಯಿತು.

ಅಮೆರಿಕದ ಸಂಸ್ಥಾನಗಳು 1996ರ ಈಚೆಗೆ ಒಂದೊಂದಾಗಿ ಇದೇ ದಾರಿಯನ್ನು ಹಿಡಿದವು. ಆದರೆ ಅಲ್ಲಿಯ ಅನುಭವದಲ್ಲಿ ಕಲಿಯಬೇಕಾದ ಒಂದು ಪಾಠವುಂಟು. ಬಹುಪಾಲು ಸಂಸ್ಥಾನಗಳಲ್ಲಿ ಈ ನಿರ್ಬಂಧಗಳು ಹದಿನೆಂಟರ ಒಳಗಿನವರಿಗೆ ಮಾತ್ರ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹದಿನಾರರವರ ಮಾರಕ ಅಪಘಾತಗಳು ಇಳಿದಿದ್ದರೂ ಹದಿನೆಂಟರವರವು ಏರಿದ್ದುದು ಕಂಡುಬಂದಿತು. ಕಟ್ಟುಪಾಡುಗಳ ತೊಡಕೇ ಬೇಡವೆಂದು ಹಲವರು ಹದಿನೆಂಟರವರೆಗೆ ಸುಮ್ಮನಿದ್ದು, ಅಭ್ಯಾಸವೇ ಇಲ್ಲದೆ ನೇರವಾಗಿ ಪೂರ್ಣ ಪರವಾನಗಿ ಪಡೆದಿರಬಹುದೆಂಬುದು ಅದಕ್ಕೆ ಕೊಡಲಾದ ವಿವರಣೆಗಳಲ್ಲೊಂದು. ಮೆಟ್ಟಿಲುಗಳನ್ನು ವಯಸ್ಸಿಗೆ ಕಟ್ಟಿಹಾಕಿದರೆ ಜನ ಕಾಯುತ್ತಾರೆ, ಕಲಿಯುವುದಿಲ್ಲ. ಮೆಟ್ಟಿಲು ಇರಬೇಕಾದುದು ಹೊಸಬನೆಂಬ ಕಾರಣಕ್ಕೆ. ಹೊಸಬನ ವಯಸ್ಸು ಹದಿನೆಂಟಿರಲಿ, ಮೂವತ್ತಿರಲಿ.

ಭಾರತಕ್ಕೆ ಈ ಏರ್ಪಾಡನ್ನು ಹಾಗೆಯೇ ಎತ್ತಿ ತರಲು ಬರುವುದಿಲ್ಲ. ನ್ಯೂಜಿಲೆಂಡಿನದು ಕಾರಿನ ದೇಶ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಮೋಟಾರು ಸೈಕಲ್ಲಿನಲ್ಲಿ ಗುರುವಿಗೆ ಪಕ್ಕದ ಆಸನವಿಲ್ಲ. ಇದಕ್ಕೆ ಯೂರೋಪಿನ ಒಕ್ಕೂಟ ಕಂಡುಕೊಂಡ ಉಪಾಯ ಬೇರೆ. ಅಲ್ಲಿ 2013ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಎಳೆಯರು 125 ಸಿ.ಸಿ.ಯ ಸಣ್ಣ ವಾಹನದಿಂದ ತೊಡಗಿ, ಮಧ್ಯಮ ಶಕ್ತಿಯದಕ್ಕೆ ಏರಿ, ಅದರಲ್ಲಿ ಎರಡು ವರ್ಷ ಕಳೆದ ಮೇಲೆ ಎಲ್ಲ ಬಗೆಯ ಮೋಟಾರು ಸೈಕಲ್ಲುಗಳ ಹಕ್ಕನ್ನು ಪಡೆಯುತ್ತಾರೆ. ಮಧ್ಯದ ಮೆಟ್ಟಿಲನ್ನು ಬಿಟ್ಟು ನೇರವಾಗಿ ಏರಬೇಕೆನ್ನುವವನಿಗೆ ಇಪ್ಪತ್ತನಾಲ್ಕಾಗಿರಬೇಕು. ಭಾರತಕ್ಕೆ ಹೆಚ್ಚು ಒಗ್ಗುವುದು ಈ ಬಗೆಯೇ. ಹದಿನೆಂಟರ ಗೆರೆ ಅಲ್ಲಿಯೇ ಇರಲಿ. ಆದರೆ ಕಲಿಕೆ ಮೂವತ್ತು ದಿನಕ್ಕೆ ಮುಗಿಯದೆ ಆರು ತಿಂಗಳಾದರೂ ನಡೆಯಲಿ. ಪರವಾನಗಿಯ ಮೊದಲ ಎರಡು ವರ್ಷ ಸಣ್ಣ ಎಂಜಿನ್ನಿನ ವಾಹನ, ತಡರಾತ್ರಿಗೆ ನಿರ್ಬಂಧ, ಹಿಂಬದಿಯಲ್ಲಿ ಮನೆಯವರು ಮಾತ್ರ. ತಪ್ಪಿಲ್ಲದೆ ಆ ಅವಧಿಯನ್ನು ಕಳೆದವನಿಗೆ ಪೂರ್ಣ ಹಕ್ಕು.

ಇದಕ್ಕೆ ಬರುವ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಹದಿನೆಂಟರವನಿಗೆ ದೇಶದ ಸರ್ಕಾರವನ್ನೇ ಆರಿಸುವ ಹಕ್ಕುಂಟು. 1989ರಲ್ಲಿ ಮತದಾನದ ವಯಸ್ಸನ್ನು ಇಪ್ಪತ್ತೊಂದರಿಂದ ಇಳಿಸಿದಾಗ ಅವನ ವಿವೇಕವನ್ನು ರಾಷ್ಟ್ರ ನಂಬಿತು. ಮೋಟಾರು ಸೈಕಲ್ಲಿನ ಮೇಲೆ ಮಾತ್ರ ಅಪನಂಬಿಕೆಯೇಕೆ ಎಂದು ತರುಣರು ಕೇಳಬಹುದು. ಪ್ರಶ್ನೆ ಜಾಣತನದ್ದೇ. ಆದರೆ ಮತ ಹಾಕುವುದು ವಿವೇಕದ ಕೆಲಸ, ವಾಹನ ನಡೆಸುವುದು ವಿವೇಕ ಸಹಿತವಾದ ಕಸುಬು. ಇಪ್ಪತ್ತಮೂರರಲ್ಲಿ ವೈದ್ಯಪದವಿ ಪಡೆದವನನ್ನು ಮರುದಿನವೇ ಒಬ್ಬನೇ ಶಸ್ತ್ರಚಿಕಿತ್ಸೆಗೆ ಕಳುಹಿಸಿದರೆ ಯಾರೂ ಅದನ್ನು ಅವನ ಮೇಲಿನ ನಂಬಿಕೆಯೆನ್ನುವುದಿಲ್ಲ. ಕರ್ನಾಟಕದ ರಸ್ತೆ ಸಾರಿಗೆ ನಿಗಮವೂ ತನ್ನ ಬಸ್ಸಿಗೆ ಚಾಲಕನನ್ನು ಆರಿಸುವಾಗ ಭಾರಿ ವಾಹನದ ಪರವಾನಗಿ ಪಡೆದು ಇಷ್ಟು ವರ್ಷವಾಗಿರಬೇಕೆಂದು ಕೇಳುತ್ತದೆ. ಐದು ವರ್ಷ ಅಪಘಾತವಿಲ್ಲದೆ ನಡೆಸಿದವನಿಗೆ ಬೆಳ್ಳಿಯ ಪದಕ, ಹದಿನೈದು ವರ್ಷ ನಡೆಸಿದವನಿಗೆ ಚಿನ್ನದ ಪದಕ ಕೊಡುತ್ತದೆ. ಅನುಭವವನ್ನು ಎಣಿಸಲು ಬರುವುದಿಲ್ಲವೆಂಬ ಮಾತಿಗೆ ಆ ಪದಕಗಳೇ ಉತ್ತರ.

ಹೊಟ್ಟೆಪಾಡಿನ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಬೆಳಗಿನ ಜಾವ ಹಾಲಿನ ಕ್ಯಾನುಗಳನ್ನು ಡೇರಿಗೆ ಒಯ್ಯುವ, ಹೂವಿನ ಮೂಟೆಯನ್ನು ಮಾರುಕಟ್ಟೆಗೆ ಮುಟ್ಟಿಸುವ, ರಾತ್ರಿಯ ಪಾಳಿ ಮುಗಿಸಿ ಕಾರ್ಖಾನೆಯಿಂದ ಮರಳುವ ತರುಣನಿಗೆ ಬೆಳಗಿನ ಐದರವರೆಗೆ ನಿರ್ಬಂಧವೆಂದರೆ ಅದು ಅನ್ನಕ್ಕೆ ಹಾಕಿದ ಬೀಗ. ನಗರದ ಶ್ರೀಮಂತ ಯುವಕನ ಮೋಜಿಗೂ ಇವನ ದುಡಿಮೆಗೂ ಒಂದೇ ಕೋಲು ಸಲ್ಲದು. ಕೆಲಸದ ಪತ್ರ ತೋರಿಸಿದವನಿಗೆ, ಅದೇ ದಾರಿಗೆ ಅದೇ ಹೊತ್ತಿಗೆ, ವಿನಾಯಿತಿ ಕೊಡಲೇಬೇಕು. ಆಸ್ಪತ್ರೆಗೆ ಹೋಗುವವನಿಗೆ ಪತ್ರವನ್ನೂ ಕೇಳಬಾರದು. ವಿನಾಯಿತಿಯ ದುರುಪಯೋಗ ಸ್ವಲ್ಪ ನಡೆದೇ ನಡೆಯುತ್ತದೆ. ನಡೆಯಲಿ.

ಇನ್ನು, ಇದನ್ನೆಲ್ಲ ಕಾಯುವವರಾರು? ಹೊಸಬನನ್ನು ಪೊಲೀಸನು ಗುರುತಿಸುವುದು ಹೇಗೆ? ಜಪಾನಿನಲ್ಲಿ 1972ರಿಂದ ಹೊಸ ಚಾಲಕರು ಒಂದು ವರ್ಷ ಕಾಲ ಹಸಿರು ಹಳದಿ ಬಣ್ಣದ ಎಳೆಯ ಎಲೆಯ ಗುರುತನ್ನು ಕಾರಿಗೆ ಅಂಟಿಸಿಕೊಳ್ಳಬೇಕು. ಅದನ್ನು ಕಂಡ ಹಿಂದಿನವರು ಹಾರನ್ನು ಬಾರಿಸದೆ ಸ್ವಲ್ಪ ದೂರವನ್ನೂ ಬಿಡುತ್ತಾರೆ. ಭಾರತದಲ್ಲಿ ಕಲಿಯುವವನ ಗಾಡಿಗೆ ಕೆಂಪಕ್ಷರದ 'ಎಲ್' ಫಲಕವುಂಟು. ಪರೀಕ್ಷೆ ಮುಗಿದ ಸಂಜೆಯೇ ಅದನ್ನು ಕಿತ್ತುಹಾಕಲಾಗುತ್ತದೆ. ಆ ಫಲಕದ ಜಾಗದಲ್ಲಿ ಇನ್ನೊಂದು ಬಣ್ಣದ ಗುರುತು ಎರಡು ವರ್ಷ ಉಳಿದರೆ ಪೊಲೀಸನ ಕೆಲಸ ಅರ್ಧ ಹಗುರವಾದೀತು.

ಉಳಿದರ್ಧ ಮನೆಯದು. ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕ ಅಥವಾ ವಾಹನದ ಒಡೆಯನಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಆ ಬಾಲಕನಿಗೆ ಇಪ್ಪತ್ತೈದು ತುಂಬುವವರೆಗೆ ಪರವಾನಗಿಯಿಲ್ಲ ಎಂದು 2019ರ ತಿದ್ದುಪಡಿ ವಿಧಿಸಿದೆ. ಕರ್ನಾಟಕದ ನ್ಯಾಯಾಲಯಗಳು ತಂದೆತಾಯಂದಿರಿಗೆ ಈ ದಂಡ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಆದರೂ 2024ರ ಮೇ 19ರ ನಸುಕಿನಲ್ಲಿ ಪುಣೆಯಲ್ಲಿ, ಹದಿನೇಳರ ಬಾಲಕನೊಬ್ಬನು ನಡೆಸುತ್ತಿದ್ದನೆಂದು ಆರೋಪಿಸಲಾದ ಭಾರಿ ಬೆಲೆಯ ಕಾರು ಮೋಟಾರು ಸೈಕಲ್ಲಿಗೆ ಬಡಿದು ಇಬ್ಬರು ತರುಣ ಎಂಜಿನಿಯರುಗಳು ಪ್ರಾಣ ಕಳೆದುಕೊಂಡರು. ಬಾಲನ್ಯಾಯ ಮಂಡಳಿಯಿಂದ ಜಾಮೀನು ದೊರೆತಾಗ ವಿಧಿಸಲಾದ ಷರತ್ತುಗಳಲ್ಲಿ, ರಸ್ತೆ ಅಪಘಾತವನ್ನು ಕುರಿತು 300 ಪದಗಳ ಪ್ರಬಂಧ ಬರೆಯಬೇಕೆಂಬುದೂ ಒಂದು. ದೇಶವೆಲ್ಲ ಸಿಟ್ಟಿಗೆದ್ದಿತು. ಪ್ರಬಂಧ ಬರೆಸುವುದು ಕೆಟ್ಟದ್ದಲ್ಲ. ಕೀಲಿ ಕೈಗೆ ಬರುವುದಕ್ಕೆ ಮೊದಲು ಬರೆಸಬೇಕಾಗಿತ್ತು.

ಬಾಳಿನ ಇನ್ನೊಂದು ತುದಿಯಲ್ಲಿಯೂ ಒಂದು ಗೆರೆ ಎಳೆಯಬೇಕೆನ್ನುವವರಿದ್ದಾರೆ. 2019ರ ಜನವರಿಯಲ್ಲಿ ಬ್ರಿಟನ್ನಿನ ರಾಣಿಯ ಪತಿ ಫಿಲಿಪ್ ತಮ್ಮ ತೊಂಬತ್ತೇಳನೆಯ ವಯಸ್ಸಿನಲ್ಲಿ ಕಾರು ನಡೆಸುತ್ತಿದ್ದಾಗ ಇನ್ನೊಂದು ಕಾರಿಗೆ ಡಿಕ್ಕಿಯಾಯಿತು. ಮರುತಿಂಗಳು ಅವರು ಪರವಾನಗಿಯನ್ನು ತಾವಾಗಿಯೇ ಹಿಂತಿರುಗಿಸಿದರು. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಟೋಕಿಯೋ ನಗರದ ಇಕೆಬುಕುರೋ ಎಂಬಲ್ಲಿ ಎಂಬತ್ತೇಳರ ವೃದ್ಧರೊಬ್ಬರ ಕಾರು ತಾಯಿ ಮತ್ತು ಪುಟ್ಟ ಮಗಳ ಪ್ರಾಣ ತೆಗೆಯಿತು. ಆ ವರ್ಷ ಜಪಾನಿನಲ್ಲಿ ಸುಮಾರು ಆರು ಲಕ್ಷ ಜನ ಪರವಾನಗಿಗಳನ್ನು ಸ್ವಇಚ್ಛೆಯಿಂದ ಒಪ್ಪಿಸಿದರು. ವಯಸ್ಸಿನ ಗೆರೆಯನ್ನೇ ಅನುಭವವೆಂದು ನಂಬುವವರ ತರ್ಕ ಇಲ್ಲಿ ತಲೆಕೆಳಗಾಗುತ್ತದೆ; ಮುಪ್ಪಿನವನಲ್ಲಿ ಅನುಭವ ತುಂಬಿದೆ, ಕಣ್ಣು ಕೈಗಳು ಸೋತಿವೆ. ಎಪ್ಪತ್ತೈದು ದಾಟಿದವರೆಲ್ಲರ ಪರವಾನಗಿಯನ್ನು ಕಿತ್ತುಕೊಳ್ಳುವುದು ಹದಿನೆಂಟು ದಾಟಿದವರೆಲ್ಲರಿಗೂ ಪೂರ್ಣ ಪರವಾನಗಿ ಕೊಡುವಷ್ಟೇ ಕುರುಡು ಕೆಲಸ. ದಿನಕ್ಕೆ ಎರಡೇ ಬಸ್ಸು ಬರುವ ಮಲೆನಾಡಿನ ಮೂಲೆಯ ಹಳ್ಳಿಯಲ್ಲಿ, ಮಕ್ಕಳು ಬೆಂಗಳೂರು ಸೇರಿದ ಮೇಲೆ ಒಂಟಿಯಾಗಿ ಉಳಿದ ಮುದುಕನಿಗೆ ಅವನ ಹಳೆಯ ಸ್ಕೂಟರೇ ಔಷಧಿಯಂಗಡಿ, ಅದೇ ಬ್ಯಾಂಕು.

ಭಾರತದ ಕಾನೂನು ಐವತ್ತೈದು ದಾಟಿದವರಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣವನ್ನು ವಿಧಿಸಿದೆ. ನಲವತ್ತರ ಮೇಲೆ ವೈದ್ಯರ ಪ್ರಮಾಣಪತ್ರವೂ ಬೇಕು. ಆ ಪತ್ರ ನಿಜವಾಗಿಯೂ ಕಣ್ಣನ್ನು ನೋಡಿ ಬರೆದುದಾಗಿರಬೇಕು; ಎಪ್ಪತ್ತರ ಮೇಲೆ ಅದರ ಜೊತೆಗೆ ಒಂದು ಸಣ್ಣ ಮರುಪರೀಕ್ಷೆಯೂ ನಡೆಯಬೇಕು. ಅದನ್ನು ತಾಲ್ಲೂಕಿನ ಮೈದಾನದಲ್ಲಿ ಎಂಟು ಹಾಕಿಸಿ ಮುಗಿಸುವುದು ಬೇಡ. ಮನೆಯಿಂದ ಔಷಧಿಯಂಗಡಿಗೆ ಹೋಗುವ ಅದೇ ದಾರಿಯಲ್ಲಿ, ಅದೇ ತಿರುವುಗಳಲ್ಲಿ, ಪರೀಕ್ಷಕನು ಹಿಂದೆ ಇನ್ನೊಂದು ವಾಹನದಲ್ಲಿ ಬರುತ್ತಾ ನೋಡಲಿ. ಆ ದಾರಿ ಹಗಲಿನಲ್ಲಿ ಸರಿಹೋದರೆ ಹಗಲಿಗೆ, ಆ ದಾರಿಗೆ ಮಾತ್ರ ಪರವಾನಗಿ ಕೊಡಲಿ.